‘ಪೊಲೀಸ್ ಕ್ರಮ’ ಎಂಬ ಹೆಸರಿನ ಯುದ್ಧ: ಇಂಡೋನೇಷ್ಯಾವನ್ನು ಮರಳಿ ಕಸಿಯಲು ಡಚ್ಚರು ಹೆಣಗಿದ ನಾಲ್ಕು ವರ್ಷ

ಬೀದರ್, ಕಲಬುರಗಿ, ರಾಯಚೂರು ಕಡೆಯ ಹಿರಿಯರು ಈಗಲೂ ವಯಸ್ಸು ಹೇಳುವಾಗ “ಪೊಲೀಸ್ ಆಕ್ಷನ್ ಆದಾಗ ನಾನು ಇಷ್ಟಿದ್ದೆ” ಎಂದು ಕೈ ಎತ್ತಿ ತೋರಿಸುತ್ತಾರೆ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನದೊಳಗೆ ಭಾರತದ ಸೇನೆ ನುಗ್ಗಿದ್ದಕ್ಕೆ ಇಟ್ಟ ಹೆಸರು ಅದು. ಬಂದದ್ದು ಸೇನೆ, ಹೆಸರು ಮಾತ್ರ ಪೊಲೀಸರದ್ದು. ಇದೇ ಹೆಸರನ್ನು ಅದಕ್ಕೂ ಹದಿನಾಲ್ಕು ತಿಂಗಳು ಮೊದಲು ನೆದರ್ಲೆಂಡ್ಸ್‌ನ ಡಚ್ಚರು ತಮ್ಮ ಹಳೆಯ ವಸಾಹತಾದ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಳಸಿದ್ದರು. ಹೈದರಾಬಾದ್ ಆದ ಮೂರು ತಿಂಗಳಿಗೆ ಮತ್ತೊಮ್ಮೆ ಬಳಸಿದರು. ಇಂಡೋನೇಷ್ಯಾದ ಪ್ರಕರಣವನ್ನು ನಾನು ಓದತೊಡಗಿದ್ದು ಈ ಹೆಸರಿನ ಜಾಡು ಹಿಡಿದೇ.

ಸೇನೆಯ ದಾಳಿಗೆ ಪೊಲೀಸ್ ಕ್ರಮ ಎಂದು ಹೆಸರಿಟ್ಟರೆ ಒಂದು ದೊಡ್ಡ ಲಾಭವಿದೆ. ಯುದ್ಧ ನಡೆಯುವುದು ಎರಡು ದೇಶಗಳ ನಡುವೆ, ಅದರ ಬಗ್ಗೆ ಲೋಕ ಪ್ರಶ್ನೆ ಕೇಳಬಹುದು. ಪೊಲೀಸರು ಹೋಗುವುದು ತಮ್ಮದೇ ಊರಿನೊಳಕ್ಕೆ, ಅದನ್ನು ಕೇಳಲು ಹೊರಗಿನವರು ಯಾರು? ಎದುರಿಗೆ ಒಂದು ದೇಶವಿದೆ ಎಂಬುದನ್ನೇ ಆ ಹೆಸರು ಅಳಿಸಿಹಾಕುತ್ತದೆ. ಡಚ್ಚರು ರಣರಂಗದಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಗೆದ್ದರು. ಅವರು ಸೋತದ್ದು ಈ ಹೆಸರನ್ನು ಲೋಕ ಒಪ್ಪದೆ ಹೋದಾಗ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಅಲ್ಲಿ.

ಎರಡು ವಾಕ್ಯಗಳ ಘೋಷಣೆ

1945ರ ಆಗಸ್ಟ್ 17, ಶುಕ್ರವಾರ. ಜಕಾರ್ತದ ಪೆಗಾಂಗ್ಸಾನ್ ತಿಮುರ್ ಬೀದಿಯ 56ನೇ ನಂಬರಿನ ಮನೆಯಂಗಳ. ಸ್ವಾತಂತ್ರ್ಯ ಚಳವಳಿಯ ಮುಖಂಡ ಸುಕಾರ್ನೊ ಜ್ವರದಿಂದ ಎದ್ದು ಬಂದು ಒಂದು ಹಾಳೆ ಹಿಡಿದು ಓದಿದರು. ಪಕ್ಕದಲ್ಲಿ ಚಳವಳಿಯ ಜೊತೆಗಾರ ಮೊಹಮ್ಮದ್ ಹತ್ತಾ. ಹಾಳೆಯಲ್ಲಿದ್ದದ್ದು ಎರಡೇ ವಾಕ್ಯ: ಇಂಡೋನೇಷ್ಯಾದ ಜನರಾದ ನಾವು ನಮ್ಮ ಸ್ವಾತಂತ್ರ್ಯವನ್ನು ಸಾರುತ್ತಿದ್ದೇವೆ, ಅಧಿಕಾರದ ಹಸ್ತಾಂತರ ಇತ್ಯಾದಿಗಳನ್ನು ಎಚ್ಚರದಿಂದ, ಆದಷ್ಟು ಬೇಗ ಮಾಡಲಾಗುವುದು. ಕೆಳಗೆ ಹಾಕಿದ್ದ ವರ್ಷ ‘05’. ಜಪಾನಿನ ಪಂಚಾಂಗದ 2605ನೇ ಇಸವಿ ಅದು. 1942ರ ಮಾರ್ಚ್‌ನಲ್ಲಿ ಡಚ್ಚರು ಶರಣಾದ ಮೇಲೆ ಮೂರೂವರೆ ವರ್ಷ ದ್ವೀಪಗಳನ್ನು ಆಳಿದ ಜಪಾನು ಎರಡು ದಿನಗಳ ಹಿಂದಷ್ಟೇ ಸೋಲೊಪ್ಪಿತ್ತು. ಅದರ ಸೈನಿಕರು ಇನ್ನೂ ಬಂದೂಕು ಹಿಡಿದು ಬೀದಿಯಲ್ಲೇ ಇದ್ದರು. ಬಾವುಟವನ್ನು ಸುಕಾರ್ನೊ ಅವರ ಮಡದಿ ಫಾತ್ಮಾವತಿ ಮನೆಯಲ್ಲಿ ಹೊಲಿದಿದ್ದರು: ಮೇಲೆ ಕೆಂಪು, ಕೆಳಗೆ ಬಿಳಿ.

ಹೊರಗಿನ ಯಾವ ಸರ್ಕಾರವೂ ಅಂದು ಆ ಹಾಳೆಗೆ ಬೆಲೆ ಕೊಡಲಿಲ್ಲ. ಹೊಸ ಗಣರಾಜ್ಯಕ್ಕೆ ನೌಕಾಪಡೆ ಇರಲಿಲ್ಲ, ಖಜಾನೆ ಇರಲಿಲ್ಲ, ಸೈನ್ಯವೂ ಆಮೇಲೆ ಕಟ್ಟಿಕೊಂಡದ್ದು. ಇದ್ದದ್ದು ಜನ, ಅದರಲ್ಲೂ ಜಪಾನೀಯರ ಕೈಕೆಳಗೆ ಕವಾಯತು ಕಲಿತ ಹರೆಯದ ಹುಡುಗರು.

ಡಚ್ಚರು ಬಿಡಲೊಲ್ಲದ ಕಾರಣ

ನೆದರ್ಲೆಂಡ್ಸ್ ತಾನೇ ಐದು ವರ್ಷ ಹಿಟ್ಲರನ ಕೈಕೆಳಗಿದ್ದು 1945ರ ಮೇ ತಿಂಗಳಲ್ಲಿ ಬಿಡುಗಡೆಗೊಂಡಿತ್ತು. ಕೊನೆಯ ಚಳಿಗಾಲದಲ್ಲಿ ಅಲ್ಲಿನ ಪಟ್ಟಣಗಳ ಜನ ಹಸಿವಿನಿಂದ ಸತ್ತಿದ್ದರು. ಪರರ ಆಳ್ವಿಕೆ ಎಂದರೇನು ಎಂಬುದನ್ನು ಮೈಮೇಲೆ ಅನುಭವಿಸಿದ ಒಂದು ದೇಶ, ತನ್ನ ಬಿಡುಗಡೆಯಾದ ಮೂರು ತಿಂಗಳಿಗೆ ಇನ್ನೊಂದು ಜನ ಕೇಳಿದ ಬಿಡುಗಡೆಯನ್ನು ದಂಗೆ ಎಂದು ಕರೆಯಿತು. ಇದನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ.

ಆದರೂ ಅವರ ಲೆಕ್ಕ ಏನಿತ್ತು ಎಂದು ನೋಡಬೇಕು. ರಬ್ಬರು, ಸಕ್ಕರೆ, ಚಹಾ, ತವರ, ಸುಮಾತ್ರಾದ ಎಣ್ಣೆ. ಇಂಡೋನೇಷ್ಯಾವನ್ನು ಅವರು ಕರೆಯುತ್ತಿದ್ದದ್ದು ಇಂಡೀಸ್ ಎಂದು. ‘ಇಂಡೀಸ್ ಕೈಬಿಟ್ಟರೆ ಕೇಡು ಹುಟ್ಟಿತು’ ಎಂಬ ಅರ್ಥದ ಪ್ರಾಸದ ಗಾದೆಯೇ ಅವರಲ್ಲಿತ್ತು. ಪಾಳುಬಿದ್ದ ದೇಶವನ್ನು ಮತ್ತೆ ಕಟ್ಟಲು ಆ ದ್ವೀಪಗಳ ಆದಾಯ ಬೇಕೇಬೇಕು ಎಂದು ಬಹುತೇಕ ಡಚ್ಚರು ಮನಸಾರೆ ನಂಬಿದ್ದರು. ಸುಕಾರ್ನೊ ಜಪಾನಿನ ಕೈಗೊಂಬೆ, ಸಾಮಾನ್ಯ ರೈತ ಡಚ್ಚರು ಬರುವುದನ್ನೇ ಕಾಯುತ್ತಿದ್ದಾನೆ ಎಂಬುದು ಅವರ ಎರಡನೆಯ ನಂಬಿಕೆ. ಮೊದಲನೆಯದು ಆರ್ಥಿಕ ಅಂದಾಜಿನ ತಪ್ಪು. ಎರಡನೆಯದು ಜನರನ್ನೇ ತಪ್ಪಾಗಿ ಓದಿದ್ದು, ಹೆಚ್ಚು ಕೇಡು ಮಾಡಿದ್ದು ಇದೇ.

ಸುರಬಾಯಾದಲ್ಲಿ ನಮ್ಮವರು

ಡಚ್ಚರ ಬಳಿ ಆಗ ಕಳುಹಿಸಲು ಸೇನೆಯೇ ಇರಲಿಲ್ಲ. ಜಪಾನೀಯರ ಶರಣಾಗತಿ ಪಡೆಯುವ, ಶಿಬಿರಗಳಲ್ಲಿದ್ದ ಐರೋಪ್ಯ ಕೈದಿಗಳನ್ನು ಬಿಡಿಸುವ ಕೆಲಸ ಬ್ರಿಟಿಷರ ಪಾಲಿಗೆ ಬಂತು. ಬ್ರಿಟಿಷರು ಕಳುಹಿಸಿದ ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು.

1945ರ ಅಕ್ಟೋಬರ್ 25ರಂದು 49ನೇ ಭಾರತೀಯ ಬ್ರಿಗೇಡ್ ಸುರಬಾಯಾ ಬಂದರಿನಲ್ಲಿ ಇಳಿಯಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ಬೆಟಾಲಿಯನ್‌ಗಳು ಆ ಬ್ರಿಗೇಡ್‌ನಲ್ಲಿದ್ದವು. ಅಂದರೆ ಬೆಳಗಾವಿಯ ಮೈದಾನದಲ್ಲಿ ಕವಾಯತು ಮಾಡಿದವರು, ಬರ್ಮಾ ಯುದ್ಧ ಮುಗಿಸಿ ಮನೆಗೆ ಹೋಗುವ ಆಸೆಯಲ್ಲಿದ್ದವರು, ತಮಗೆ ಸಂಬಂಧವಿಲ್ಲದ ಜಗಳದ ನಡುವೆ ಹೋಗಿ ನಿಂತರು. ಬ್ರಿಗೇಡಿಯರ್ ಮ್ಯಾಲಬಿ ಊರಿನ ಮುಖಂಡರ ಜೊತೆ ಹೇಗೋ ಒಂದು ಒಪ್ಪಂದಕ್ಕೆ ಬಂದಿದ್ದರು. ಅಷ್ಟರಲ್ಲಿ ಮೇಲಧಿಕಾರಿಗಳು ವಿಮಾನದಿಂದ ಕರಪತ್ರ ಚೆಲ್ಲಿಸಿದರು: ಎಲ್ಲರೂ ಆಯುಧ ಒಪ್ಪಿಸಬೇಕು, ಇಲ್ಲದಿದ್ದರೆ ಗುಂಡು. ಮಾತು ತಪ್ಪಿದರು ಎಂದು ಊರು ಸಿಡಿದೆದ್ದಿತು. ಚಿಕ್ಕಚಿಕ್ಕ ತುಕಡಿಗಳಾಗಿ ಊರ ತುಂಬ ಚದುರಿದ್ದ ಸಿಪಾಯಿಗಳು ಸಾವಿರಾರು ಜನರ ನಡುವೆ ಸಿಕ್ಕಿಬಿದ್ದರು. ಸುಕಾರ್ನೊ ಅವರನ್ನೇ ವಿಮಾನದಲ್ಲಿ ಕರೆತಂದು ಕದನವಿರಾಮ ಮಾಡಿಸಬೇಕಾಯಿತು. ಮರುದಿನವೇ, ಅಕ್ಟೋಬರ್ 30ರಂದು, ಮ್ಯಾಲಬಿ ತಮ್ಮ ಕಾರಿನಲ್ಲಿ ಕೊಲೆಯಾದರು.

ನವೆಂಬರ್ 10ರಂದು ಬ್ರಿಟಿಷರು ನೆಲ, ಕಡಲು, ಆಕಾಶ ಮೂರೂ ಕಡೆಯಿಂದ ಸುರಬಾಯಾ ಮೇಲೆ ಬಿದ್ದರು. ಊರು ಹಿಡಿಯಲು ಮೂರು ವಾರ ಬೇಕಾಯಿತು. ಇಂಡೋನೇಷ್ಯಾ ಇಂದಿಗೂ ಆ ದಿನವನ್ನು ವೀರರ ದಿನ ಎಂದು ಆಚರಿಸುತ್ತದೆ. ಕಾದಾಟದಲ್ಲಿ ಸೋತರೂ ಸುರಬಾಯಾ ಒಂದನ್ನು ಸಾಬೀತು ಮಾಡಿತು: ರೈತ ಡಚ್ಚರಿಗಾಗಿ ಕಾಯುತ್ತಿರಲಿಲ್ಲ. ಬ್ರಿಟಿಷರಿಗೆ ಇದು ಅರ್ಥವಾಯಿತು. ಅವರು ಡಚ್ಚರನ್ನು ಮಾತುಕತೆಗೆ ತಳ್ಳಿ, 1946ರ ನವೆಂಬರ್ ಕೊನೆಯ ಹೊತ್ತಿಗೆ ಗಂಟುಮೂಟೆ ಕಟ್ಟಿದರು. ಭಾರತೀಯ ಸೈನಿಕರಲ್ಲಿ ಕೆಲವರು ಬಂದೂಕಿನ ಸಮೇತ ಗಣರಾಜ್ಯದ ಕಡೆಗೆ ಹೋಗಿಬಿಟ್ಟಿದ್ದರು.

ಅದೇ ತಿಂಗಳುಗಳ ಇನ್ನೊಂದು ಮುಖವನ್ನು ಬಿಟ್ಟರೆ ಈ ಪ್ರಕರಣ ಪೂರ್ತಿಯಾಗದು. ಈಟಿ, ಕತ್ತಿ ಹಿಡಿದ ಯುವಕರ ಗುಂಪುಗಳು ಡಚ್ಚರನ್ನು, ಮಿಶ್ರಮೂಲದವರನ್ನು, ಡಚ್ಚರ ಪರ ಎಂದು ಶಂಕಿಸಿದ ಸ್ಥಳೀಯರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದವು. ಹೆಂಗಸರು, ಮಕ್ಕಳು ಕೂಡ ಸತ್ತರು. ಡಚ್ ಕುಟುಂಬಗಳಲ್ಲಿ ಆ ನೆನಪು ಇನ್ನೂ ಆರದ ಗಾಯ.

ಸಹಿ ಒಣಗುವ ಮೊದಲು

1946ರ ಜನವರಿಯಲ್ಲಿ ಗಣರಾಜ್ಯ ತನ್ನ ರಾಜಧಾನಿಯನ್ನು ಯೋಗ್ಯಕರ್ತಾಕ್ಕೆ ಸಾಗಿಸಿತು. ಅಲ್ಲಿನ ಸುಲ್ತಾನ ಒಂಬತ್ತನೆಯ ಹಮೆಂಗ್ಕುಬುವೊನೊ ಗಣರಾಜ್ಯದ ಬೆನ್ನಿಗೆ ನಿಂತಿದ್ದ. ಅರಸರು ತಮ್ಮ ಪಾಲಿಗಿದ್ದಾರೆ ಎಂದುಕೊಂಡಿದ್ದ ಡಚ್ಚರಿಗೆ ಅದು ದೊಡ್ಡ ಪೆಟ್ಟು.

ಪ್ರಧಾನಿಯಾಗಿದ್ದ ಸುತಾನ್ ಶಾಹ್ರಿರ್ ಮಾತುಕತೆಯಲ್ಲಿ ನಂಬಿಕೆಯಿಟ್ಟವರು. 1946ರ ನವೆಂಬರ್‌ನಲ್ಲಿ ಲಿಂಗ್ಗಾಜಾತಿ ಎಂಬ ಗುಡ್ಡದೂರಿನಲ್ಲಿ ಒಪ್ಪಂದದ ಕರಡು ಸಿದ್ಧವಾಯಿತು, 1947ರ ಮಾರ್ಚ್ 25ರಂದು ಸಹಿ ಬಿತ್ತು. ಜಾವಾ, ಮದುರಾ, ಸುಮಾತ್ರಾಗಳಲ್ಲಿ ವಾಸ್ತವವಾಗಿ ಆಳುತ್ತಿರುವುದು ಗಣರಾಜ್ಯ ಎಂದು ಡಚ್ಚರು ಒಪ್ಪಿದರು. ಎಲ್ಲವನ್ನೂ ಸೇರಿಸಿ ಒಂದು ಒಕ್ಕೂಟ, ಅದರ ನೆತ್ತಿಯ ಮೇಲೆ ಡಚ್ ರಾಣಿ ಎಂಬುದು ಕೊನೆಯ ಚಿತ್ರ. ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ ಎರಡು ಬೇರೆ ಅರ್ಥ ಮಾಡಿಕೊಂಡಿದ್ದರು. ಡಚ್ ಆಡಳಿತದ ಮುಖ್ಯಸ್ಥ ವಾನ್ ಮೋಕ್ ಅಷ್ಟರಲ್ಲಿ ಪೂರ್ವದ ದ್ವೀಪಗಳಲ್ಲಿ ತಮಗೆ ಒಪ್ಪುವ ಪುಟ್ಟ ರಾಜ್ಯಗಳನ್ನು ಕಟ್ಟತೊಡಗಿದ್ದರು. ದಕ್ಷಿಣ ಸುಲಾವೆಸಿಯಲ್ಲಿ ಕ್ಯಾಪ್ಟನ್ ವೆಸ್ಟರ್ಲಿಂಗ್ ಎಂಬಾತನ ಪಡೆ ಹಳ್ಳಿಗರನ್ನು ಬಯಲಿನಲ್ಲಿ ಕೂರಿಸಿ, ವಿಚಾರಣೆಯ ಶಾಸ್ತ್ರವೂ ಇಲ್ಲದೆ ಗುಂಡಿಕ್ಕುತ್ತಿತ್ತು. ಒಪ್ಪಂದದ ಕರಡಿಗೂ ಸಹಿಗೂ ನಡುವಿನ ತಿಂಗಳುಗಳಲ್ಲಿ ನಡೆದದ್ದು ಇದು.

ಜುಲೈ 21ರಂದು ದಾಳಿ. ಅದಕ್ಕಿಟ್ಟ ಗುಪ್ತನಾಮ ‘ಪ್ರಾಡಕ್ಟ್’, ಎಂದರೆ ಉತ್ಪನ್ನ. ಗುರಿಯೂ ಅದೇ: ತೋಟ, ಸಕ್ಕರೆ ಕಾರ್ಖಾನೆ, ಎಣ್ಣೆ ಬಾವಿ, ಬಂದರು. ಒಂದು ಲಕ್ಷದಷ್ಟು ಸೈನಿಕರು ಎರಡೇ ವಾರದಲ್ಲಿ ಜಾವಾದ ಫಲವತ್ತಾದ ಭಾಗಗಳನ್ನೂ ಸುಮಾತ್ರಾದ ತೋಟಗಳನ್ನೂ ಹಿಡಿದರು. ಲೋಕಕ್ಕೆ ಹೇಳಿದ್ದು ಪೊಲೀಸ್ ಕ್ರಮ ಎಂದು. ಒಳಗೆ ಕರೆದದ್ದು ಉತ್ಪನ್ನ ಎಂದು. ಎರಡನೆಯ ಹೆಸರು ಸತ್ಯ ಹೇಳುತ್ತದೆ.

ಹೆಸರು ಅಲುಗಾಡತೊಡಗಿದ್ದು

ಜುಲೈ 30ರಂದು ಭಾರತ ಮತ್ತು ಆಸ್ಟ್ರೇಲಿಯಾ ಈ ವಿಷಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದವು. ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ, ಅದಕ್ಕೆ ಹದಿನಾರು ದಿನ ಬಾಕಿ ಇತ್ತು. ಇದು ನಮ್ಮ ಮನೆಯೊಳಗಿನ ವಿಷಯ, ಮಂಡಳಿಗೆ ಅಧಿಕಾರವಿಲ್ಲ ಎಂದು ಡಚ್ಚರು ವಾದಿಸಿದರು. ಮಂಡಳಿ ಆ ವಾದವನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಆಗಸ್ಟ್ 1ರಂದು ಎರಡೂ ಕಡೆಯವರು ಕಾದಾಟ ನಿಲ್ಲಿಸಬೇಕು ಎಂದಿತು. ‘ಎರಡೂ ಕಡೆ’ ಎಂದ ಕೂಡಲೇ ಎದುರಿಗೆ ಇನ್ನೊಬ್ಬರು ಇದ್ದಾರೆ ಎಂದಾಯಿತಲ್ಲ! ಕಾನೂನಿನ ಭಾಷೆಯಲ್ಲಿ ಅದು ಸಣ್ಣ ಮಾತು, ಯೋಗ್ಯಕರ್ತಾದವರಿಗೆ ಅದೇ ದೊಡ್ಡದು.

ಶಾಹ್ರಿರ್ ಅವರನ್ನು ಹೊರಗೆ ತಂದವರು ಒಡಿಶಾದ ಬಿಜು ಪಟ್ನಾಯಕ್. ದಾಳಿ ಶುರುವಾದ ಬೆನ್ನಿಗೇ ಅವರು ತಮ್ಮ ಡಕೋಟಾ ವಿಮಾನವನ್ನು ಡಚ್ಚರ ಕಣ್ತಪ್ಪಿಸಿ ಜಾವಾದಲ್ಲಿ ಇಳಿಸಿ, ಶಾಹ್ರಿರ್ ಅವರನ್ನು ಹತ್ತಿಸಿಕೊಂಡು ಸಿಂಗಾಪುರದ ದಾರಿಯಾಗಿ ದೆಹಲಿಗೆ ಕರೆತಂದರು. ಆಗಸ್ಟ್ 14ರಂದು ಶಾಹ್ರಿರ್ ಭದ್ರತಾ ಮಂಡಳಿಯೆದುರು ಮಾತನಾಡಿದರು. ಇಂಡೋನೇಷ್ಯಾ ಬಿಜು ಅವರನ್ನು ‘ಭೂಮಿಪುತ್ರ’ ಎಂದು ಗೌರವಿಸಿತು. ಎಲ್ಲ ವಿಮಾನಗಳಿಗೂ ಆ ಅದೃಷ್ಟ ಇರಲಿಲ್ಲ. ಜುಲೈ 29ರಂದು ಸಿಂಗಾಪುರದಿಂದ ಔಷಧಿ ಹೊತ್ತು ಬರುತ್ತಿದ್ದ ಭಾರತದ ನೋಂದಣಿಯ ಡಕೋಟಾವನ್ನು ಡಚ್ ವಿಮಾನಗಳು ಯೋಗ್ಯಕರ್ತಾದ ಹತ್ತಿರ ಹೊಡೆದುರುಳಿಸಿದವು. ಅದರಲ್ಲಿ ಸತ್ತ ವಾಯುಪಡೆಯ ಹಿರಿಯ ಅಧಿಕಾರಿ ಆದಿಸುಚಿಪ್ತೊ ಅವರ ಹೆಸರನ್ನೇ ಮುಂದೆ ಆ ಊರಿನ ಮಾಗುವೊ ವಿಮಾನ ನಿಲ್ದಾಣಕ್ಕೆ ಇಟ್ಟರು.

ಅನ್ನದ ಋಣವೂ ಇಲ್ಲಿತ್ತು. 1946ರಲ್ಲಿ ಮಳೆ ಕೈಕೊಟ್ಟು ಮೈಸೂರು ಸೇರಿದಂತೆ ದಕ್ಷಿಣ ಭಾರತ ಆಹಾರಕ್ಕೆ ಪರದಾಡುತ್ತಿದ್ದಾಗ ಶಾಹ್ರಿರ್ ಐದು ಲಕ್ಷ ಟನ್ ಅಕ್ಕಿ ಕೊಡಲು ಮುಂದೆ ಬಂದಿದ್ದರು, ಬದಲಿಗೆ ಕೇಳಿದ್ದು ಬಟ್ಟೆಯಂಥ ದಿನಬಳಕೆಯ ಸಾಮಾನು. ಡಚ್ಚರ ಕಡಲ ದಿಗ್ಬಂಧನ ಅಡ್ಡಬಂದರೂ, ಹಸಿದವರಿಗೆ ಅಕ್ಕಿ ಕೊಡಬಲ್ಲ ಸರ್ಕಾರ ಇಲ್ಲ ಎಂದು ಯಾರಾದರೂ ಹೇಗೆ ಹೇಳಿಯಾರು? ಇನ್ನೂ ಹಿಂದೆ, 1945ರಲ್ಲೇ, ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳಿಗೆ ಸಾಮಾನು ತುಂಬಲು ಒಲ್ಲೆ ಎಂದಾಗ ಅಲ್ಲಿದ್ದ ಭಾರತೀಯ ನಾವಿಕರೂ ಕೆಲಸ ಬಿಟ್ಟು ಅವರ ಜೊತೆ ನಿಂತಿದ್ದರು.

ಇಲ್ಲಿ ಒಂದು ಮಾತು ಬಚ್ಚಿಡಬಾರದು. ಜಾವಾದ ವಿಷಯದಲ್ಲಿ ‘ಮನೆಯೊಳಗಿನ ವಿಷಯ’ ಎಂಬ ವಾದವನ್ನು ಒಪ್ಪದ ಭಾರತ, ಮರುವರ್ಷ ನಿಜಾಮ ಭದ್ರತಾ ಮಂಡಳಿಗೆ ದೂರು ಕೊಟ್ಟಾಗ ಹೆಚ್ಚುಕಡಿಮೆ ಅದೇ ವಾದ ಮಂಡಿಸಿತು. ಎರಡೂ ಒಂದೇ ಎನ್ನಲಾರೆ. ಹೈದರಾಬಾದ್ ಕರ್ನಾಟಕದ ಜನ ನಿಜಾಮನ ವಿರುದ್ಧವೇ ಹೋರಾಡುತ್ತಿದ್ದರು, ಜಾವಾದ ಜನ ಗಣರಾಜ್ಯಕ್ಕಾಗಿ. ಜನರು ಯಾರ ಕಡೆಗಿದ್ದಾರೆ ಎಂಬುದೇ ನನಗೆ ಅಳತೆಗೋಲು. ಆದರೆ ಆ ಹೆಸರಿನ ಮರೆಯಲ್ಲಿ ನಮ್ಮಲ್ಲೂ ಅಮಾಯಕರ ರಕ್ತ ಹರಿಯಿತು, ಅದರ ಮಾತು ದಶಕಗಟ್ಟಲೆ ಹೂತುಹೋಗಿತ್ತು.

ಕಾಗೆ

ಮಂಡಳಿ ನೇಮಿಸಿದ ಮೂವರ ಸಮಿತಿಯಲ್ಲಿ ಡಚ್ಚರು ಆರಿಸಿದ ಬೆಲ್ಜಿಯಂ, ಇಂಡೋನೇಷ್ಯಾ ಆರಿಸಿದ ಆಸ್ಟ್ರೇಲಿಯಾ, ಇಬ್ಬರಿಗೂ ಒಪ್ಪಿಗೆಯಾದ ಅಮೆರಿಕ ಇದ್ದವು. 1948ರ ಜನವರಿ 17ರಂದು ‘ರೆನ್‌ವಿಲ್’ ಎಂಬ ಅಮೆರಿಕದ ಹಡಗಿನ ಮೇಲೆ ಹೊಸ ಒಪ್ಪಂದವಾಯಿತು. ಗಣರಾಜ್ಯಕ್ಕೆ ಅದು ಕಹಿಗುಳಿಗೆ. ಡಚ್ಚರು ಗೆದ್ದ ನೆಲ ಡಚ್ಚರ ಬಳಿಯೇ ಉಳಿಯಿತು, ಪಶ್ಚಿಮ ಜಾವಾದ ಪಡೆ ತನ್ನೂರು ಬಿಟ್ಟು ನಡೆಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಮಾದಿಯೂನ್‌ನಲ್ಲಿ ಕಮ್ಯುನಿಸ್ಟರು ದಂಗೆಯೆದ್ದಾಗ ಗಣರಾಜ್ಯ ತಾನೇ ಅದನ್ನು ಅಡಗಿಸಿತು. ಗಣರಾಜ್ಯವನ್ನು ಅಮೆರಿಕ ನೋಡುವ ಕಣ್ಣು ಬದಲಾದದ್ದು ಆಗ.

ಡಚ್ ಸೇನಾಪತಿಗಳು ಅದನ್ನು ಗಮನಿಸಲಿಲ್ಲವೋ, ಗಮನಿಸಿಯೇ ಆತುರಪಟ್ಟರೋ. ಡಿಸೆಂಬರ್ 19ರ ನಸುಕಿನಲ್ಲಿ ಎರಡನೆಯ ‘ಪೊಲೀಸ್ ಕ್ರಮ’ ಆರಂಭವಾಯಿತು. ಗುಪ್ತನಾಮ ‘ಕಾಗೆ’. ಮಾಗುವೊ ನಿಲ್ದಾಣದ ಮೇಲೆ ಪ್ಯಾರಾಶೂಟ್ ಪಡೆ ಇಳಿಯಿತು, ಸಂಜೆಯೊಳಗೆ ಯೋಗ್ಯಕರ್ತಾ ಅವರ ಕೈಲಿತ್ತು. ಸುಕಾರ್ನೊ, ಹತ್ತಾ, ಶಾಹ್ರಿರ್ ಸೆರೆಯಾದರು. ರಾಜಧಾನಿ ಹೋಯಿತು, ಸರ್ಕಾರ ಬಂಧನದಲ್ಲಿದೆ, ಇನ್ನೇನು ಉಳಿದಿದೆ ಎಂದುಕೊಂಡಿತು ಹೇಗ್ ನಗರದಲ್ಲಿದ್ದ ಡಚ್ ಸರ್ಕಾರ.

ಉಳಿದದ್ದು ಬಹಳವಿತ್ತು. ಸುಮಾತ್ರಾದಲ್ಲಿದ್ದ ಶಫ್ರುದ್ದೀನ್ ಪ್ರವಿರನಗರ ತುರ್ತು ಸರ್ಕಾರ ಘೋಷಿಸಿದರು. ದಂಡನಾಯಕ ಸುದಿರ್ಮಾನ್‌ಗೆ ಆಗ ಮೂವತ್ತೆರಡು ವರ್ಷ. ಕ್ಷಯ ರೋಗ, ಕೆಲಸ ಮಾಡುತ್ತಿದ್ದದ್ದು ಒಂದೇ ಶ್ವಾಸಕೋಶ. ಊರಲ್ಲೇ ಇದ್ದು ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸುಕಾರ್ನೊ ಅವರ ಮಾತನ್ನು ಕೇಳದೆ ಕಾಡು ಹಿಡಿದರು. ನಡೆಯಲಾಗದಾಗ ಜೊತೆಗಾರರು ಡೋಲಿಯಲ್ಲಿ ಹೆಗಲ ಮೇಲೆ ಹೊತ್ತರು. ಏಳು ತಿಂಗಳ ಹತ್ತಿರ, ಗುಡ್ಡದಿಂದ ಗುಡ್ಡಕ್ಕೆ, ಡಚ್ ಗಸ್ತಿಗೆ ಒಂದು ಹಳ್ಳಿ ಮುಂದೆ. ಕೆಮ್ಮುತ್ತ ಡೋಲಿಯಲ್ಲಿ ಕುಳಿತ ಒಬ್ಬ ಮನುಷ್ಯ ಸಿಕ್ಕಿಬೀಳದೆ ಇರಬೇಕಾದರೆ ದಾರಿಯುದ್ದಕ್ಕೂ ಎಷ್ಟು ಮನೆಗಳವರು ಬಾಯಿ ಮುಚ್ಚಿಕೊಂಡಿರಬೇಕು! ರೈತ ಯಾರ ಕಡೆಗಿದ್ದ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸ್ವತಂತ್ರ ದೇಶವನ್ನು ಒಂದು ತಿಂಗಳು ಕಂಡು, 1950ರ ಜನವರಿಯಲ್ಲಿ ಅವರು ತೀರಿಕೊಂಡರು.

ಸುಮಾತ್ರಾದ ‘ಆಚೆ’ (Aceh) ಎಂಬ ಪ್ರಾಂತ್ಯದ ಜನರ ಚಂದಾಹಣದಿಂದ ಕೊಂಡ ಒಂದು ವಿಮಾನದ ಕಥೆಯೂ ಇದೆ. ಅಲ್ಲಿನ ಜನ ತಮ್ಮ ಒಡವೆಯನ್ನೂ ಕೊಟ್ಟು ಗಣರಾಜ್ಯಕ್ಕೆ ಕೊಡಿಸಿದ ‘ಸೆಉಲಾವಾ’ ಎಂಬ ಡಕೋಟಾ, ದಾಳಿಯ ದಿನ ದುರಸ್ತಿಗೆಂದು ಕಲ್ಕತ್ತದಲ್ಲಿತ್ತು. ಮರಳಿ ಇಳಿಯಲು ನೆಲವೇ ಇಲ್ಲ. ಸಿಬ್ಬಂದಿ ಅದನ್ನು ಬರ್ಮಾಕ್ಕೆ ಒಯ್ದು ಬಾಡಿಗೆಗೆ ಹಾರಿಸಿ ಗಣರಾಜ್ಯಕ್ಕಾಗಿ ದುಡಿದರು.

ಸೋಲು ಬಂದ ದಾರಿ

ಭಾರತ ತನ್ನ ಆಕಾಶದಲ್ಲಿ ಡಚ್ ವಿಮಾನಗಳು ಹಾರದಂತೆ ನಿಷೇಧಿಸಿತು. 1949ರ ಜನವರಿ 20ರಂದು ನೆಹರೂ ದೆಹಲಿಯಲ್ಲಿ ಏಷ್ಯಾದ ಮತ್ತು ಸುತ್ತಲಿನ ದೇಶಗಳ ಸಮ್ಮೇಳನ ಕರೆದರು. ನಾಯಕರನ್ನು ಬಿಡಿ, ಸೇನೆ ಹಿಂತೆಗೆಯಿರಿ, ಅಧಿಕಾರ ಒಪ್ಪಿಸುವ ದಿನ ಗೊತ್ತುಮಾಡಿ ಎಂದು ಅದು ಕೇಳಿತು. ಜನವರಿ 28ರಂದು ಭದ್ರತಾ ಮಂಡಳಿಯ ನಿರ್ಣಯವೂ ಅದೇ ದಿಕ್ಕಿನಲ್ಲಿ ಬಂತು. ಮಾರ್ಚ್ 1ರಂದು ಗೆರಿಲ್ಲಾಗಳು ಯೋಗ್ಯಕರ್ತಾದೊಳಗೆ ನುಗ್ಗಿ ಆರು ತಾಸು ಊರನ್ನು ಹಿಡಿದಿಟ್ಟರು. ಸೈನಿಕ ಲೆಕ್ಕದಲ್ಲಿ ಆರು ತಾಸು ಏನೂ ಅಲ್ಲ. ಗಣರಾಜ್ಯ ಮುಗಿದುಹೋಯಿತು ಎನ್ನುತ್ತಿದ್ದವರ ಬಾಯಿ ಕಟ್ಟಲು ಸಾಕಾಯಿತು.

ಕೊನೆಯ ಪೆಟ್ಟು ಬಿದ್ದದ್ದು ಕಿಸೆಗೆ. ನೆದರ್ಲೆಂಡ್ಸ್ ತನ್ನ ಮನೆ ಕಟ್ಟುತ್ತಿದ್ದದ್ದು ಅಮೆರಿಕದ ಮಾರ್ಷಲ್ ಯೋಜನೆಯ ಹಣದಿಂದ. ದಾಳಿಯಾದ ಕೂಡಲೇ ಅದರಲ್ಲಿ ಇಂಡೀಸ್ ಪಾಲನ್ನು ಅಮೆರಿಕ ತಡೆಹಿಡಿಯಿತು. ಮಾರ್ಚ್ ಕೊನೆಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಚೆಸನ್, ಉಳಿದ ನೆರವಿಗೂ ಕುತ್ತು ಬರಬಹುದು ಎಂದು ಡಚ್ ಸಚಿವ ಸ್ಟಿಕ್ಕರ್‌ಗೆ ಸ್ಪಷ್ಟಪಡಿಸಿದರು. ಅಮೆರಿಕದ ಈ ನಡೆಯನ್ನು ಧರ್ಮವೆಂದು ಹೊಗಳಲು ನನಗೆ ಮನಸ್ಸಿಲ್ಲ. ಮಾದಿಯೂನ್ ಇಲ್ಲದಿದ್ದರೆ ಅದು ಇಷ್ಟು ಬೇಗ ಬರುತ್ತಿರಲಿಲ್ಲ.

ಮೇ 7ರಂದು ಒಪ್ಪಂದ, ಜುಲೈ 6ರಂದು ಸುಕಾರ್ನೊ ಯೋಗ್ಯಕರ್ತಾಕ್ಕೆ, ಆಗಸ್ಟ್‌ನಿಂದ ಹೇಗ್‌ನಲ್ಲಿ ದುಂಡುಮೇಜಿನ ಸಭೆ, ಡಿಸೆಂಬರ್ 27ರಂದು ಅಧಿಕಾರ ಹಸ್ತಾಂತರ. ಪಶ್ಚಿಮ ನ್ಯೂಗಿನಿಯನ್ನು ಡಚ್ಚರು ಬಿಡಲಿಲ್ಲ, ಆ ಜಗಳ 1962ರವರೆಗೆ ಎಳೆಯಿತು. ಹೊಸ ದೇಶದ ತಲೆಯ ಮೇಲೆ 430 ಕೋಟಿ ಗಿಲ್ಡರ್ ಸಾಲ ಹೊರಿಸಿದರು. ತನ್ನನ್ನೇ ತುಳಿಯಲು ಬಂದ ಸೇನೆಯ ಖರ್ಚೂ ಆ ಸಾಲದಲ್ಲಿ ಸೇರಿತ್ತು. ಬೀದಿಯಲ್ಲಿ ಹೊಡೆಸಿಕೊಂಡವನ ಕೈಗೆ ದೊಣ್ಣೆಯ ರಶೀದಿ ಕೊಟ್ಟ ಹಾಗೆ. 1956ರಲ್ಲಿ ಇಂಡೋನೇಷ್ಯಾ ಉಳಿದ ಸಾಲ ಕೊಡುವುದಿಲ್ಲ ಎಂದಿತು.

ಸತ್ತವರು ಇಂಡೋನೇಷ್ಯಾದ ಕಡೆ ಒಂದು ಲಕ್ಷದ ಹತ್ತಿರ ಎಂಬುದು ಸಾಮಾನ್ಯ ಅಂದಾಜು, ಡಚ್ಚರ ಕಡೆಯ ಸೈನಿಕರು ಐದು ಸಾವಿರದ ಆಸುಪಾಸು.

ಹೆಸರು ಬಿಡಲು ಹಿಡಿದ ಕಾಲ

ಯುದ್ಧ ಮುಗಿದರೂ ಹೆಸರು ಹೋಗಲಿಲ್ಲ. 1969ರಲ್ಲಿ ಹಳೆಯ ಸೈನಿಕರೊಬ್ಬರು ಟೀವಿಯಲ್ಲಿ ತಾವು ಕಂಡದ್ದನ್ನು ಹೇಳಿದಾಗ ಡಚ್ ಸರ್ಕಾರ ತನಿಖೆ ನಡೆಸಿ, ನಡೆದದ್ದು ‘ಅತಿರೇಕಗಳು’ ಎಂದು ವರದಿ ಕೊಟ್ಟಿತು. ಪೊಲೀಸ್ ಕೆಲಸದಲ್ಲಿ ಅತಿರೇಕ ಆಗಬಹುದು, ಯುದ್ಧಾಪರಾಧ ಆಗದು. ಹೆಸರಿನ ನೆರಳು ಅಲ್ಲೂ ಬಿದ್ದಿತ್ತು. ಅತಿ ಹಿಂಸೆ ಅಲ್ಲೊಂದು ಇಲ್ಲೊಂದು ಘಟನೆಯಲ್ಲ, ಪದ್ಧತಿಯಂತೆಯೇ ನಡೆದಿತ್ತು ಎಂದು ಸಂಶೋಧನಾ ಸಂಸ್ಥೆಗಳು ಹೇಳಿದ್ದು, ಪ್ರಧಾನಿ ರುಟ್ಟೆ ಕ್ಷಮೆ ಕೇಳಿದ್ದು 2022ರ ಫೆಬ್ರವರಿಯಲ್ಲಿ. ಆಗಸ್ಟ್ 17ನ್ನು ಯಾವ ಷರತ್ತೂ ಇಲ್ಲದೆ ಒಪ್ಪುತ್ತೇವೆ ಎಂದು ಅವರು ಸಂಸತ್ತಿನಲ್ಲಿ ಹೇಳಿದ್ದು 2023ರಲ್ಲಿ.

ಈ ನಡುವೆ ಪಶ್ಚಿಮ ಜಾವಾದ ರಾವಾಗೆಡೆ ಎಂಬ ಹಳ್ಳಿಯ ಮುದುಕಿಯರು ಹೇಗ್‌ನ ನ್ಯಾಯಾಲಯಕ್ಕೆ ಹೋದರು. 1947ರ ಡಿಸೆಂಬರ್ 9ರ ಬೆಳಗ್ಗೆ ಡಚ್ ಸೈನಿಕರು ಒಬ್ಬ ಗೆರಿಲ್ಲಾ ನಾಯಕನನ್ನು ಹುಡುಕಿಕೊಂಡು ಅಲ್ಲಿಗೆ ಬಂದಿದ್ದರು. ಅವನು ಸಿಗಲಿಲ್ಲ. ಊರಿನ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಇಂಡೋನೇಷ್ಯಾದ ಲೆಕ್ಕದಲ್ಲಿ ಸತ್ತವರು 431, ಡಚ್ಚರ ಲೆಕ್ಕದಲ್ಲಿ 150. ಕಾಲಮಿತಿ ಮೀರಿದೆ ಎಂದು ಡಚ್ ಸರ್ಕಾರದ ವಕೀಲರು ವಾದಿಸಿದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2011ರ ಸೆಪ್ಟೆಂಬರ್ 14ರಂದು ಸರ್ಕಾರವೇ ಹೊಣೆ ಎಂದು ತೀರ್ಪು ಕೊಟ್ಟಿತು. ಒಬ್ಬೊಬ್ಬರಿಗೆ 20,000 ಯೂರೊ ಪರಿಹಾರ. ಮೊಕದ್ದಮೆ ಹೂಡಿದವರೆಲ್ಲ ತೀರ್ಪು ಕೇಳಲು ಬದುಕಿರಲಿಲ್ಲ. ಆ ವರ್ಷ ಡಿಸೆಂಬರ್ 9ರಂದು ಡಚ್ ರಾಯಭಾರಿ ಊರಿಗೆ ಬಂದು, ಉಳಿದವರ ಎದುರು ನಿಂತು ತನ್ನ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು.